ಅಜ್ಜಿ ತೊಟ್ಟ ಜಾಕೆಟ್

ಹತ್ತನೇ ಕ್ಲಾಸಿನಲ್ಲಿ ನಾನು ಎರಡು ಸಲ ಫೇಲಾದೆ, ಎರಡು ಸಲವೂ ಗಣಿತದಲ್ಲೇ. ಮೊದಲ ಸಲ ಮನೆಯವರೆಲ್ಲ ಸಮಾಧಾನ ಹೇಳಿದರು. ಎರಡನೇ ಸಲ ಅಪ್ಪ ಕುರಿ ಮೇಯಿಸುವ ಕೋಲೊಂದನ್ನು ತಂದು ಬಾಗಿಲ ಪಕ್ಕ ಒರಗಿಸಿದ, ಅಷ್ಟೆ. ಹೊಸ ಕೋಲು, ನನ್ನ ಎತ್ತರಕ್ಕೆ ಸರಿಯಾಗಿ ಕಡಿದದ್ದು. ಅದನ್ನು ನೋಡಿದ ಕೂಡಲೇ ಮುಂದಿನ ನನ್ನ ಐವತ್ತು ವರ್ಷ ಕಣ್ಣಿಗೆ ಕಟ್ಟಿತು, ಮೈಯೆಲ್ಲ ಉರಿಯಿತು.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು ಇದು. ನಮ್ಮೂರು ತಮಿಳುನಾಡಿನ ಮೇಚೇರಿಗೂ ನಂಗವಳ್ಳಿಗೂ ನಡುವೆ, ಬಸ್ಸಿಳಿದು ಅರ್ಧ ಗಂಟೆ ನಡೆದರೆ ಸಿಗುತ್ತದೆ. ರಾಗಿ, ಜೋಳ, ಹುರುಳಿ, ಕುರಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಿಟ್ಟು ಬಂದರೆ ಎರಡೂ. ನನಗೆ ಸಿಟ್ಟು ಆಗಾಗ ಬರುತ್ತಿತ್ತು. ಕುರಿಗಳ ಮೇಲೆ ದ್ವೇಷವೇನೂ ಇರಲಿಲ್ಲ, ಆದರೆ ಅವುಗಳ ಹಿಂದೆ ನಡೆಯಲಾರೆ ಎಂದು ಹಟ ಹಿಡಿದೆ. ಮತ್ತೇನು ಮಾಡುತ್ತೀಯೇ ಹುಡುಗಿ ಎಂದು ಅವ್ವ ಕೇಳಿದಳು. ಬಾಯಿಗೆ ಬಂದದ್ದು ಹೇಳಿದೆ, ಟೈಲರಿಂಗ್ ಕಲಿಯುತ್ತೇನೆ ಎಂದು.

ಮೇಚೇರಿಯಲ್ಲಿ ಒಬ್ಬ ಅಕ್ಕ ತಮ್ಮ ಮನೆಯ ಜಗಲಿಯಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದರು. ಆರು ತಿಂಗಳ ಕ್ಲಾಸಿನಲ್ಲಿ ಮೊದಲ ನಾಲ್ಕು ತಿಂಗಳು ಬರೀ ಪೇಪರು ಕತ್ತರಿಸುವುದು. ಹಳೆಯ ತಮಿಳು ಪೇಪರಿನ ಮೇಲೆ ಗೀಟೆಳೆದು, ಬೆನ್ನು, ಮುಂಭಾಗ, ತೋಳು ಎಲ್ಲ ಬೇರೆಬೇರೆ ಕತ್ತರಿಸಿ, ಗೋಂದು ಹಚ್ಚಿ ಅಂಟಿಸಿದರೆ ಪೇಪರ್ ಜಾಕೆಟ್ ತಯಾರು. ರವಿಕೆಗೆ ನಮ್ಮ ಕಡೆ ಜಾಕೆಟ್ ಎಂದೇ ಹೆಸರು. ನನ್ನ ಪೇಪರ್ ಜಾಕೆಟ್‌ಗಳನ್ನು ಅಕ್ಕ ಗೋಡೆಗೆ ನೇತುಹಾಕಿ ಹೊಸಬರಿಗೆ ತೋರಿಸುತ್ತಿದ್ದರು. ನಾನು ಉಬ್ಬಿಹೋದೆ. ಪೇಪರಿಗೆ ಎದೆಯಿಲ್ಲ, ಬೆನ್ನಿಲ್ಲ, ಉಸಿರಾಡುವ ಅಭ್ಯಾಸವೂ ಇಲ್ಲ ಎನ್ನುವುದು ಆಗ ನನಗೆ ಹೊಳೆಯಲಿಲ್ಲ.

ಕ್ಲಾಸು ಮುಗಿಯಿತು, ಮಿಷಿನ್ನು ಬೇಕಲ್ಲ. ಆಗ ಮುಂದೆ ಬಂದವಳು ಅಜ್ಜಿ, ಅಪ್ಪನ ಅವ್ವ. ಅಜ್ಜಿ ಮದುವೆಯಾಗಿ ಬರುವಾಗ ತವರಿನವರು ಒಂದು ಹೆಣ್ಣು ಕುರಿ ಕೊಟ್ಟಿದ್ದರಂತೆ. ಅದರ ಮರಿ, ಮರಿಯ ಮರಿ ಎಲ್ಲ ಅಜ್ಜಿಯ ಸ್ವಂತದ್ದು. ಎಡಗಿವಿಯ ತುದಿಯಲ್ಲಿ ಸಣ್ಣ ಕಚ್ಚು ಇದ್ದರೆ ಅದು ಅಜ್ಜಿಯ ಕುರಿ. ಅದರ ಮೇಲೆ ಅಪ್ಪನಿಗೂ ಅಧಿಕಾರವಿಲ್ಲ. ಅಂಥ ಎರಡು ಕುರಿಗಳನ್ನು ಅಜ್ಜಿ ಸಂತೆಗೆ ಹೊಡೆಸಿ, ಯಾರೋ ಬಳಸಿ ಬಿಟ್ಟ ಕಾಲ್ಮಿಷಿನ್ನು ತರಿಸಿಕೊಟ್ಟಳು.

ಊರು ನಕ್ಕಿತು. ಯಾಕೆಂದರೆ ಅಜ್ಜಿ ಹುಟ್ಟಿದಂದಿನಿಂದ ಜಾಕೆಟ್ ತೊಟ್ಟವಳಲ್ಲ. ನಮ್ಮ ಕಡೆ ಅವಳ ಓರಗೆಯ ಹೆಂಗಸರು ಯಾರೂ ತೊಟ್ಟವರಲ್ಲ. ಸೀರೆಯನ್ನೇ ಎದೆಗೆ ಸುತ್ತಿ ಬಿಗಿದು, ಸೆರಗನ್ನು ಹೆಗಲಿಗೆ ಎಳೆದುಕೊಂಡರೆ ಮುಗಿಯಿತು. ಹೊಲ, ಮಂದೆ, ಮದುವೆಮನೆ, ಎಲ್ಲ ಕಡೆಗೂ ಹಾಗೆಯೇ. ಹೆಣ್ಣುಮಕ್ಕಳ, ಸೊಸೆಯಂದಿರ ಕಾಲಕ್ಕೆ ಜಾಕೆಟ್ ಬಂದರೂ ಇವರು ಮಾತ್ರ ಬದಲಾಗಲಿಲ್ಲ. ತೊಡದವಳು ಹೊಲಿಸಲು ಹೊರಟಿದ್ದಾಳೆ ಎಂದು ಹೊಂಗೆಮರದ ಕೆಳಗೆ ಕೂರುವ ಮುದುಕಿಯರು ಅಜ್ಜಿಯನ್ನು ಆಡಿಕೊಂಡರು. ಅಜ್ಜಿ ಎಲೆ ಅಡಿಕೆ ಅಗಿಯುತ್ತ ಕೇಳಿಸಿಕೊಂಡಳು.

ಅಪ್ಪ ಮಾತ್ರ ನಗಲಿಲ್ಲ. ಆ ಎರಡು ಕುರಿಗಳೂ ಮಂದೆಯಲ್ಲಿ ಚೆನ್ನಾಗಿ ಈಯುವಂಥವು.

"ಯುಗಾದಿಗಂಟ ನೋಡಾನ. ನಾಕು ಜನ ಬಂದ್ರೆ ಸರಿ. ಇಲ್ದಿದ್ರೆ ಮಿಷಿನ್ನ ಕೊಟ್ಬುಟ್ಟು ಅವ್ವನ ಕುರಿ ತಿರುಗ ತತ್ತೀನಿ. ನೀನು ಸುಮ್ಕೆ ಮಂದೆ ಇಂದೆ ಓಗ್ಬೇಕು," ಎಂದ.

ನನಗೆ ಭಯವಾಗಲಿಲ್ಲ. ಆಗ ಇನ್ನೂ ದೀಪಾವಳಿ ಬಂದಿರಲಿಲ್ಲ. ಯುಗಾದಿಯೊಳಗೆ ಇಡೀ ಊರು ನನ್ನ ಬಾಗಿಲಲ್ಲಿ ನಿಂತಿರುತ್ತದೆ ಎಂದುಕೊಂಡಿದ್ದೆ.

ಮೊದಲು ಬಂದವಳು ಚಿಕ್ಕವ್ವ, ಅವ್ವನ ತಂಗಿ, ನಮ್ಮೂರಿಗೇ ಕೊಟ್ಟವಳು. ಧರ್ಮಪುರಿಯಲ್ಲಿ ನೆಂಟರ ಮದುವೆಯಿತ್ತು. ಒಳ್ಳೆಯ ನೇರಳೆ ಬಣ್ಣದ ಬಟ್ಟೆ ತಂದು, ಅದರ ಜೊತೆಗೆ ಅಳತೆಗೆಂದು ತನ್ನದೊಂದು ಹಳೆಯ ಜಾಕೆಟ್ ಕೊಟ್ಟಳು. ನಮ್ಮ ಕಡೆ ಪದ್ಧತಿಯೇ ಅದು. ಹೆಂಗಸರು ಟೈಲರ್ ಮುಂದೆ ನಿಂತು ಟೇಪು ಹಿಡಿಸಿಕೊಳ್ಳುವುದಿಲ್ಲ. ಅಳತೆ ಜಾಕೆಟ್ಟು ಗಂಡನ ಚೀಲದಲ್ಲಿ ಸಂತೆಗೆ ಹೋಗುತ್ತದೆ, ಮುಂದಿನ ಸಂತೆಗೆ ಹೊಸ ಜಾಕೆಟ್ಟಿನ ಜೊತೆ ವಾಪಸು ಬರುತ್ತದೆ. ನಾನು ಚಿಕ್ಕವ್ವನ ಅಳತೆ ಜಾಕೆಟ್ಟನ್ನು ಪೇಪರಿನ ಮೇಲೆ ಹರಡಿ, ಒಂದು ನೂಲೂ ಆಚೀಚೆ ಆಗದಂತೆ ಗೀಟೆಳೆದು ಹೊಲಿದೆ. ಎರಡನ್ನೂ ಒಂದರ ಮೇಲೊಂದು ಇಟ್ಟರೆ ಅವಳಿ ಮಕ್ಕಳ ಹಾಗೆ ಇದ್ದವು.

ಆ ಅಳತೆ ಜಾಕೆಟ್ಟು ಚಿಕ್ಕವ್ವನ ಸ್ವಂತ ಮದುವೆಯ ಕಾಲದ್ದು. ನಡುವೆ ಅವಳಿಗೆ ಮೂರು ಮಕ್ಕಳಾಗಿದ್ದವು. ಪಾಪ, ಹೇಗೋ ಉಸಿರು ಬಿಗಿಹಿಡಿದು ತೊಟ್ಟುಕೊಂಡು ಹೋದಳು. ಧಾರೆಯ ಹೊತ್ತಿಗೆ ಎಲ್ಲರೂ ಅಕ್ಷತೆ ಹಾಕಲು ಕೈ ಎತ್ತಿದರು, ಚಿಕ್ಕವ್ವನೂ ಎತ್ತಿದಳು. ನಾದಸ್ವರದ ಸದ್ದಿನಲ್ಲೂ ಪರ್ರೆಂದು ಕೇಳಿಸಿತಂತೆ. ಬಲ ಕಂಕುಳಿನಿಂದ ಸೊಂಟದವರೆಗೆ ಹೊಲಿಗೆ ಬಿಟ್ಟುಕೊಂಡಿತ್ತು. ಊಟದ ಪಂಕ್ತಿಯಲ್ಲೂ ಕೈಯನ್ನು ಮೈಗೆ ಅಂಟಿಸಿಕೊಂಡು, ಎಲೆಯ ಮೇಲೆ ಬಾಗಿ ಉಂಡುಬಂದಳು. ಮರುದಿನ ಬೆಳಿಗ್ಗೆ ಆ ಜಾಕೆಟ್ಟನ್ನು ತಂದು ನನ್ನ ಮಿಷಿನ್ನಿನ ಮೇಲೆ ಹಾಕಿ, ಒಂದು ಮಾತೂ ಆಡದೆ ಹೊರಟುಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಊರ ಕೊಳಾಯಿಯ ಹತ್ತಿರ ಆ ಸುದ್ದಿ ಹಬ್ಬಲು ಒಂದು ದಿನ ಸಾಕಾಯಿತು. ಆಮೇಲೆ ನನ್ನ ಹತ್ತಿರ ಬಂದವರು ಒಳ್ಳೆಯ ಬಟ್ಟೆ ತರಲಿಲ್ಲ, ಜಾಕೆಟ್ ಬಿಟ್ಟು, ಅಂದರೆ ರವಿಕೆ ಕಣ, ತಂದರು. ಅರಿಸಿನ ಕುಂಕುಮದ ಜೊತೆ, ಮದುವೆ ಸೀಮಂತಗಳಲ್ಲಿ ತಟ್ಟೆಯಲ್ಲಿಟ್ಟು ಕೊಡುವ ತುಂಡು ಬಟ್ಟೆ ಇದೆಯಲ್ಲ, ಅದು. ಅದನ್ನು ಯಾರೂ ಹೊಲಿಸುವುದಿಲ್ಲ. ಬಂದದ್ದನ್ನು ಪೆಟ್ಟಿಗೆಯಲ್ಲಿಟ್ಟು ಇನ್ನೊಬ್ಬರ ಮನೆಯ ಕಾರ್ಯಕ್ಕೆ ದಾಟಿಸುತ್ತಾರೆ. ಅವ್ವ ಕೊಟ್ಟ ಒಂದು ನೀಲಿ ಬಿಟ್ಟು ಎರಡು ವರ್ಷ ಊರೂರು ಸುತ್ತಿ ನಮ್ಮ ಮನೆಗೇ ತಿರುಗಿ ಬಂದಿತ್ತು. ಮೂಲೆಯಲ್ಲಿದ್ದ ಕಲೆಯಿಂದ ಅವ್ವ ಅದನ್ನು ಗುರುತು ಹಿಡಿದಿದ್ದಳು. ಈಗ ಆ ಬಿಟ್ಟುಗಳಿಗೆಲ್ಲ ನಾನು ಸಿಕ್ಕಿದೆ. ಹೋದರೆ ಹೋಗಲಿ, ಇದರಲ್ಲಿ ಹೊಲಿದು ತೋರಿಸು, ಆಮೇಲೆ ನೋಡೋಣ ಎನ್ನುತ್ತಿದ್ದರು. ಅವೋ ಒಂದೊಂದೂ ಗೇಣು ಗಿಡ್ಡ. ತೋಳು ಬಂದರೆ ಬೆನ್ನು ಬರುವುದಿಲ್ಲ, ಬೆನ್ನು ಬಂದರೆ ತೋಳಿಲ್ಲ. ಒಗೆದರೆ ಇನ್ನೂ ಎರಡು ಬೆರಳು ಒಳಗೆ ಹೋಗುತ್ತಿದ್ದವು. ಬೈಗುಳ ಮಾತ್ರ ನನಗೆ.

ಶಾಲೆಯ ಹತ್ತಿರ ಬಾಡಿಗೆಗಿದ್ದ ಮೇಷ್ಟರ ಹೆಂಡತಿ ಸೇಲಂ ಪೇಟೆಯವರು. ಅವರು ಕರುಣೆಯಿಂದ ಒಂದು ಸರಿಯಾದ ಬಟ್ಟೆ ಕೊಟ್ಟರು. ಗಾಬರಿಯಲ್ಲಿ ನಾನು ಎರಡು ತೋಳನ್ನೂ ಎಡಗೈಗೇ ಕತ್ತರಿಸಿದೆ. ಅವರು ತೊಟ್ಟುನೋಡಿ, ಪರವಾಯಿಲ್ಲಮ್ಮಾ ಎಂದು ತಮಿಳಿನಲ್ಲಿ ನಕ್ಕು, ಜಾಕೆಟ್ಟನ್ನು ನೀನೇ ಇಟ್ಟುಕೋ ಎಂದು ಕೊಟ್ಟರು. ಮನೆಗೆ ಬಂದು ಅತ್ತುಬಿಟ್ಟೆ. ಚಿಕ್ಕವ್ವನ ಮೌನಕ್ಕಿಂತ ಈ ನಗು ಹೆಚ್ಚು ನೋಯಿಸಿತು.

ಪೊಂಗಲ್ ಕಳೆಯಿತು. ಮಿಷಿನ್ನಿನ ಮೇಲೆ ಅವ್ವ ಒಣಮೆಣಸಿನಕಾಯಿಯ ಮೊರ ಇಡಲು ಶುರುಮಾಡಿದಳು. ಈ ಹುಡುಗಿಗೆ ಇನ್ನು ಇಷ್ಟೇ ಎಂದು ಮನೆಯವರಿಗೆ ಅನಿಸಿದೆ ಎಂದು ಮೊರ ನೋಡಿದರೇ ತಿಳಿಯುತ್ತಿತ್ತು.

ಆಗ ನನಗೊಂದು ಉಪಾಯ ಹೊಳೆಯಿತು. ಮೇಚೇರಿ ಸಂತೆಬೀದಿಯಲ್ಲಿ ಒಬ್ಬ ವಯಸ್ಸಾದ ಟೈಲರ್ ಇದ್ದರು. ನಮ್ಮ ಸುತ್ತಿನ ಹಳ್ಳಿಗಳ ಅಳತೆ ಜಾಕೆಟ್ಟುಗಳೆಲ್ಲ ಹೋಗುತ್ತಿದ್ದುದು ಅವರ ಹತ್ತಿರಕ್ಕೇ. ಕಾಜಾ ಹಾಕಿಕೊಂಡು, ಹುಕ್ಕು ಕಟ್ಟಿಕೊಂಡಿರುತ್ತೇನೆ, ಕೆಲಸ ಕಲಿಸಿ ಎಂದು ಕೇಳುವುದು. ಸಂತೆಯ ದಿನ ಅಪ್ಪನ ಜೊತೆ ಹೋಗಿ, ಅವನು ಕುರಿ ನೋಡಲು ಅತ್ತ ಹೋದ ಮೇಲೆ, ನಾನು ಅವರ ಅಂಗಡಿಯ ಬೆಂಚಿನಲ್ಲಿ ಕೂತೆ. ಗಂಡಸರು ಒಬ್ಬೊಬ್ಬರಾಗಿ ಬಂದು ಚೀಲದಿಂದ ಹೆಂಡಂದಿರ ಜಾಕೆಟ್ ತೆಗೆದು ಕೊಡುತ್ತಿದ್ದರು. ಟೈಲರು ಪ್ರತಿಯೊಬ್ಬರನ್ನೂ ಮಕ್ಕಳೆಷ್ಟು, ಕೊನೆಯದಕ್ಕೆ ಎಷ್ಟು ವರ್ಷ ಎಂದು ವಿಚಾರಿಸುತ್ತಿದ್ದರು. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಏನೋ ಗೀಚಿ ಪಕ್ಕಕ್ಕೆ ಹಾಕುತ್ತಿದ್ದರು. ಈ ಮನುಷ್ಯನಿಗೆ ಊರ ಪಂಚಾಯಿತಿಯೆಲ್ಲ ಬೇಕು, ಕೆಲಸ ಮಾಡುವುದು ಬಿಟ್ಟು ಹರಟೆ ಹೊಡೆಯುತ್ತಾನೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ನನ್ನ ಸರದಿ ಬಂದಾಗ ಅವರು ಇಲ್ಲ ಎಂದುಬಿಟ್ಟರು. ಹೆಣ್ಣುಮಗಳನ್ನು ಅಂಗಡಿಯಲ್ಲಿ ಕೂರಿಸಿಕೊಂಡರೆ ಗಂಡಸರು ಜಾಕೆಟ್ ಹೊರಗೆ ತೆಗೆಯಲು ನಾಚುತ್ತಾರಂತೆ. ಆ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ನನಗೆ ಮಾತ್ರ ಕೆನ್ನೆಗೆ ಹೊಡೆದ ಹಾಗಾಯಿತು. ಸಿಟ್ಟಿಗೆ ಬಸ್ ಸ್ಟಾಂಡಿನಲ್ಲಿ ಎರಡು ಬೋಂಡಾ ತಿಂದು ಅಪ್ಪನಿಗಾಗಿ ಕಾದೆ. ಅಪ್ಪ ಬಂದವನು ನಂಗವಳ್ಳಿಯ ಕಡೆಯ ಒಬ್ಬರು ಯುಗಾದಿ ಕಳೆದ ಮೇಲೆ ಬಂದು ಮಿಷಿನ್ನು ತೆಗೆದುಕೊಂಡು ಹೋಗುತ್ತಾರೆ ಎಂದು ಹೇಳಿದ. ಕುರಿಯೂ ಎರಡು ನೋಡಿಟ್ಟು ಬಂದಿದ್ದ. ಬಸ್ಸಿನಲ್ಲಿ ಊರು ಬರುವ ತನಕ ಬೋಂಡಾ ಎದೆಯಲ್ಲೇ ನಿಂತಿತ್ತು.

ಅದಾಗಿ ಒಂದು ವಾರಕ್ಕೆ ಊರಿಗೆ ತಂಡ್ರೋ ಹಾಕಿದರು, ಅಂದರೆ ತಮಟೆ ಬಡಿದು ಸಾರಿದರು. ಓಟಿನ ಕಾರ್ಡಿಗೆ ಎಲ್ಲರದೂ ಫೋಟೋ ತೆಗೆಯುತ್ತಾರೆ, ಯುಗಾದಿಗೆ ಮೊದಲು ಇಂಥ ದಿನ ಶಾಲೆಗೆ ಬರಬೇಕು, ವಯಸ್ಸಾದವರೂ ತಪ್ಪಿಸುವಂತಿಲ್ಲ. ಊರಿಗೆ ಊರೇ ಸಡಗರಪಟ್ಟಿತು. ಮದುವೆ ಫೋಟೋದಲ್ಲಿ ಕೂಡ ಮುಖ ಕಾಣಿಸದಿದ್ದ ಹೆಂಗಸರಿಗೆ ತಮ್ಮದೇ ಒಂಟಿ ಫೋಟೋ ಎಂದರೆ ಸಣ್ಣ ಮಾತಲ್ಲ.

ಆ ಸಂಜೆ ನಾನು ಮೆಣಸಿನಕಾಯಿ ಆರಿಸುತ್ತ ಕೂತಿದ್ದೆ. ಅಜ್ಜಿ ತನ್ನ ತಗಡಿನ ಪೆಟ್ಟಿಗೆಯನ್ನು ಎಳೆದುಕೊಂಡು ಬಂದು ಎದುರಿಗೆ ಕೂತಳು. ಅದರ ತುಂಬ ಜಾಕೆಟ್ ಬಿಟ್ಟುಗಳು. ಜನ್ಮದಲ್ಲಿ ಜಾಕೆಟ್ ತೊಡದವಳಿಗೂ ಸಂಪ್ರದಾಯ ಎಂದು ಎಲ್ಲರೂ ಕೊಡುತ್ತಲೇ ಬಂದಿದ್ದರು. ಅಜ್ಜಿ ಬೇಡದವರ ಬಿಟ್ಟುಗಳನ್ನು ದಾಟಿಸಿ, ಬೇಕಾದವರದನ್ನು ಉಳಿಸಿಕೊಂಡಿದ್ದಳು. ತಳದಿಂದ ಎಲೆಹಸಿರು ಬಣ್ಣದ್ದೊಂದನ್ನು ತೆಗೆದಳು. ಅಪ್ಪ ಹುಟ್ಟಿದಾಗ ಅವಳ ಅಕ್ಕ ಕೊಟ್ಟದ್ದಂತೆ.

"ನಂಗೊಂದು ಜಾಕೆಟ್ ಒಲಿ," ಎಂದಳು.

ನಾನು ನಕ್ಕುಬಿಟ್ಟೆ. ಅಜ್ಜಿ ನಗಲಿಲ್ಲ.

"ಸರ್ಕಾರದೋರು ಪಟ ಇಡೀತಾರಂತಲ್ಲ. ಇಡೀ ಊರು ಅಲ್ಲಿ ನಿಂತಿರ್ತದೆ. ನನ್ ಕುರಿ ಕೊಟ್ಟು ತಂದ ಮಿಷಿನ್ನು ಕಣಮ್ಮಿ. ಅದ್ರಾಗೆ ಏನಾಯ್ತದೆ ಅಂತ ನಾನೇ ಇಕ್ಕಂಡು ತೋರುಸ್ತೀನಿ."

ಅವ್ವ ಬೇಡವೆಂದಳು, ಈ ವಯಸ್ಸಿನಲ್ಲಿ ಜನ ಏನಂದಾರು ಎಂದು. ಅಪ್ಪ ಎದ್ದು ಕುರಿದೊಡ್ಡಿಗೆ ಹೋದ. ನಾನು ಬಟ್ಟೆ ಕೈಗೆ ತೆಗೆದುಕೊಂಡು, ಅಭ್ಯಾಸಬಲದಿಂದ, ಅಳತೆ ಜಾಕೆಟ್ ಕೊಡು ಎಂದು ಕೇಳಿದೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಜ್ಜಿಯ ಹತ್ತಿರ ಅಳತೆ ಜಾಕೆಟ್ ಎಲ್ಲಿಂದ ಬರಬೇಕು? ನೋಡಿ ಹೊಲಿಯಲು ಏನೂ ಇಲ್ಲ. ಇರುವುದು ಅಜ್ಜಿ ಮಾತ್ರ.

ಕ್ಲಾಸಿನಲ್ಲಿ ಕೊಟ್ಟ ಟೇಪು ಸುರುಳಿ ಬಿಚ್ಚದೆ ಹಾಗೆಯೇ ಬಿದ್ದಿತ್ತು. ಅದನ್ನು ತಂದು ಮೊದಲ ಸಲ ಒಂದು ಮೈಯ ಮೇಲೆ ಇಟ್ಟೆ. ಅಜ್ಜಿಗೆ ಕಚಗುಳಿ. ಬಲತೋಳು ಅಳೆದು ಬರೆದುಕೊಂಡೆ. ಎಡತೋಳು ಅಳೆಯುವ ಅಗತ್ಯವೇನು ಎಂದು ಬಿಡಲಿದ್ದೆ, ಸುಮ್ಮನೆ ಟೇಪು ಸುತ್ತಿ ನೋಡಿದರೆ ಅರ್ಧ ಇಂಚು ಕಡಿಮೆ. ತಪ್ಪಿರಬೇಕು ಎಂದು ಮತ್ತೆ ಅಳೆದೆ, ಅಷ್ಟೇ ಬಂತು. ಕುಡುಗೋಲು ಹಿಡಿದದ್ದು, ರಾಗಿಕಲ್ಲು ತಿರುವಿದ್ದು ಎಲ್ಲ ಬಲಗೈ. ಬೆನ್ನಿಗೆ ಬಂದೆ. ಎಡಭುಜ ಬಲಕ್ಕಿಂತ ಒಂದು ಬೆರಳು ಕೆಳಗಿತ್ತು. ಅರುವತ್ತು ವರ್ಷ ನೀರಿನ ಬಿಂದಿಗೆಯನ್ನು ಎಡಸೊಂಟದಲ್ಲೇ ಹೊತ್ತಿದ್ದಳು. ಪೇಪರಿನಲ್ಲಿ ನಾನು ಯಾವಾಗಲೂ ಮಡಚಿ ಒಂದೇ ಸಲ ಕತ್ತರಿಸುತ್ತಿದ್ದೆ, ಎಡಬಲ ಎರಡೂ ಒಂದೇ ಎಂದು. ಅಜ್ಜಿಯಲ್ಲಿ ಯಾವುದೂ ಒಂದೇ ಆಗಿರಲಿಲ್ಲ.

ಎದೆಯ ಸುತ್ತಳತೆ ಬರೆಯುವಾಗ ಯಾಕೋ ಆ ಮೇಚೇರಿ ಟೈಲರ ಹರಟೆ ನೆನಪಾಯಿತು. ನಿನಗೆ ಮಕ್ಕಳೆಷ್ಟು ಅಜ್ಜಿ ಎಂದೆ.

"ಎತ್ತವು ಏಳು, ಉಳಿದವು ನಾಕು. ಯಾಕವ್ವ?" ಎಂದಳು.

ಟೇಪು ಹಿಡಿದವಳಿಗೆ ಆಗ ಹೊಳೆಯಿತು, ಟೈಲರದು ಹರಟೆಯಾಗಿರಲಿಲ್ಲ. ಅವರು ಮಗುವಿಗೆ ಇಷ್ಟೆಂದು ಹಳೆಯ ಅಳತೆಗೆ ಸೇರಿಸುತ್ತಿದ್ದರು, ಸೀಮೆಸುಣ್ಣದ ಗೀಟು ಅದೇ. ಮೈ ನೋಡಲು ಆಗದವರು ಬಾಯಿ ಬಿಟ್ಟು ಕೇಳಿ ತಿಳಿದುಕೊಳ್ಳುತ್ತಿದ್ದರು. ಮೈಯನ್ನೇ ನೋಡಬಹುದಾದ ನಾನು ಮಾತ್ರ ಹಳೆಯ ಬಟ್ಟೆಯನ್ನು ನೋಡಿ ಹೊಲಿಯುತ್ತಿದ್ದೆ. ಚಿಕ್ಕವ್ವನ ಮದುವೆಯ ಕಾಲದ ಮೈಗೆ ನಾನು ಬಹಳ ಚೆನ್ನಾಗಿಯೇ ಜಾಕೆಟ್ ಹೊಲಿದಿದ್ದೆ. ನನಗೆ ನನ್ನ ಮೇಲೆ ನಾಚಿಕೆಯೂ ಆಯಿತು, ನಗುವೂ ಬಂತು, ಅದಕ್ಕಿಂತ ಹೆಚ್ಚಾಗಿ ಹೇಳಲಾಗದಷ್ಟು ಖುಷಿಯಾಯಿತು. ತಪ್ಪು ಎಲ್ಲಿದೆ ಎಂದು ಕೊನೆಗೂ ಗೊತ್ತಾಗಿತ್ತಲ್ಲ.

ಆಮೇಲಿನ ಹತ್ತು ದಿನ ಅಜ್ಜಿಗೆ ಬಿಡುವಿರಲಿಲ್ಲ. ಹಳೆಯ ಪಂಚೆಯಲ್ಲಿ ಮೊದಲು ಹೊಲಿದು ತೊಡಿಸಿದೆ, ಬಿಚ್ಚಿದೆ, ಮತ್ತೆ ಹೊಲಿದೆ. ಎಡಕ್ಕೊಂದು ಅಳತೆ, ಬಲಕ್ಕೊಂದು ಅಳತೆ, ಕೂಡಿಸು, ಕಳೆ, ಭಾಗಿಸು. ಎರಡು ಸಲ ಫೇಲಾದ ಗಣಿತವೆಲ್ಲ ಅಜ್ಜಿಯ ಬೆನ್ನ ಮೇಲೆ ನಡೆಯಿತು. ಅಜ್ಜಿ ಕುರಿ ದೊಡ್ಡಿಯ ಕಲ್ಲಿನ ಮೇಲೆ ಕೂತು ಕೈ ಎತ್ತು ಎಂದರೆ ಎತ್ತುತ್ತಿದ್ದಳು, ಇಳಿಸು ಎಂದರೆ ಇಳಿಸುತ್ತಿದ್ದಳು. ನಡುವೆ ಗುಂಡುಸೂಜಿ ಚುಚ್ಚಿದರೆ ನನ್ನ ತಾತನ ತನಕ ಬೈಯುತ್ತಿದ್ದಳು. ಆ ತಾತ ಅವಳ ಗಂಡನೇ ಆದದ್ದರಿಂದ ನಾನು ಅಡ್ಡಿ ಹೇಳಲಿಲ್ಲ. ಹೊಂಗೆಮರದ ಮುದುಕಿಯರಿಗೆ ಸುದ್ದಿ ಮುಟ್ಟಿತು. ಮದುವಣಗಿತ್ತಿ ಬಂದಳು, ಗಂಡು ಯಾವ ಊರು ಎಂದು ರೇಗಿಸಿದರು. ಆ ಹತ್ತು ದಿನ ಅಜ್ಜಿ ಮರದ ಕೆಳಗೆ ಹೋಗಿ ಕೂರಲಿಲ್ಲ. ಅವಳಿಗೂ ನಾಚಿಕೆಯಾಗುತ್ತಿತ್ತು ಎಂದು ನನಗೆ ಆಗ ತಿಳಿಯಿತು.

ಕೊನೆಗೆ ಹಸಿರು ಬಿಟ್ಟಿಗೆ ಕತ್ತರಿ ಹಾಕಿದೆ. ಅದೂ ಎಲ್ಲ ಬಿಟ್ಟುಗಳ ಹಾಗೆ ಗಿಡ್ಡ. ಉದ್ದ, ಅಗಲ, ಭುಜ ಎಲ್ಲ ಹೊಂದಿಸಿದ ಮೇಲೆ ಕಂಕುಳಿನ ಹತ್ತಿರ ಬಟ್ಟೆ ಸಾಲಲಿಲ್ಲ. ಇದ್ದುದರಲ್ಲೇ ಎಳೆದು ಕೂಡಿಸಿ, ಎರಡು ಸಲ ಒತ್ತೊತ್ತಾಗಿ ಹೊಲಿಗೆ ಹಾಕಿದೆ. ತೊಟ್ಟುಕೊಂಡ ಮೇಲೆ ಎಲ್ಲಾದರೂ ಹಿಡಿಯುತ್ತದಾ ಎಂದು ಕೇಳಿದೆ. ಏನೂ ಇಲ್ಲ, ಮೈಮೇಲೆ ಇರೋದೇ ಗೊತ್ತಾಗುವುದಿಲ್ಲ ಎಂದಳು.

ಫೋಟೋ ದಿನ ಅಜ್ಜಿ ಓಣಿಗೆ ಕಾಲಿಟ್ಟಳು ನೋಡಿ, ಜನ ಕೆಲಸ ಬಿಟ್ಟು ನಿಂತರು. ಬಿಳಿ ಸೀರೆ, ಹಸಿರು ಜಾಕೆಟ್ಟು, ಕೈಗಳನ್ನು ಮೈಯಿಂದ ಸ್ವಲ್ಪ ದೂರಕ್ಕೆ ಹಿಡಿದುಕೊಂಡ ನಡಿಗೆ. ಹೊಸ ಗತ್ತು ಎಂದುಕೊಂಡೆ ನಾನು. ಶಾಲೆಯಲ್ಲಿ ಗೋಡೆಗೆ ನೀಲಿ ಬಟ್ಟೆ ಕಟ್ಟಿ, ಎದುರಿಗೆ ಸ್ಟೂಲು ಹಾಕಿದ್ದರು. ಸಾಲಿನಲ್ಲಿ ನಿಂತಷ್ಟು ಹೊತ್ತೂ ಎಲ್ಲರ ಕಣ್ಣು ಅಜ್ಜಿಯ ಬೆನ್ನ ಮೇಲೆ. ಸರದಿ ಬಂತು. ಫೋಟೋದವನು "ಪಾಟಿ, ನೇರಾ ಪಾರುಂಗ" ಎಂದ. ಅಜ್ಜಿ ನೇರ ನೋಡುವ ಬದಲು ನನ್ನ ಕಡೆ ತಿರುಗಿ, ಜಾಕೆಟ್ಟು ಬರುತ್ತದಾ ಕೇಳು ಎಂದಳು. ಕೇಳಿದೆ. ಮುಖ ಮಾತ್ರ ಬರುತ್ತದೆ, ಕತ್ತಿನ ಕೆಳಗೆ ಬರುವುದಿಲ್ಲ ಎಂದ. ಅಜ್ಜಿಗೆ ಕೋಪ ಬಂತು. ಮತ್ತೆ ಇಷ್ಟೆಲ್ಲ ಯಾತಕ್ಕೆ ಎಂದು ಸ್ಟೂಲಿನ ಮೇಲೆ ಅಲ್ಲಾಡಿ ಕೂತು, ಎರಡು ಭುಜಗಳನ್ನೂ ಕಿವಿಯ ತನಕ ಮೇಲಕ್ಕೆತ್ತಿದಳು. ಅವನು ಇಳಿಸಿ ಎಂದರೆ ಇಳಿಸಲಿಲ್ಲ. ಹಿಂದಿನ ಸಾಲು ಗಲಾಟೆ ಮಾಡಿತು, ಅವನು ಸೋತು ಹಾಗೆಯೇ ತೆಗೆದ. ಆಮೇಲೆ ಬಂದ ಕಾರ್ಡಿನಲ್ಲಿ ಅಜ್ಜಿ ಕತ್ತೇ ಇಲ್ಲದೆ, ಭಾರೀ ಸಿಟ್ಟಿನಲ್ಲಿ ಇದ್ದಾಳೆ. ಎರಡು ಕಡೆಯೂ ಹಸಿರು ಅಂಚು ಮಾತ್ರ ಸ್ಪಷ್ಟವಾಗಿ ಬಿದ್ದಿದೆ.

ಹೊರಗೆ ಬಂದಾಗ ಚಿಕ್ಕವ್ವ ಕಾದಿದ್ದಳು. ಧರ್ಮಪುರಿ ಮದುವೆಯ ಮೇಲೆ ಅವಳು ನಮ್ಮ ಮನೆಯ ಕಡೆ ತಲೆ ಹಾಕಿರಲಿಲ್ಲ. ಹತ್ತಿರ ಬಂದು ಅಜ್ಜಿಯ ಭುಜದ ಹೊಲಿಗೆಯ ಕೆಳಗೆ ಎರಡು ಬೆರಳು ತೂರಿಸಿ ನೋಡಿದಳು. ಬೆನ್ನನ್ನು ಸವರಿದಳು. ಕೊನೆಗೆ ತಡೆಯಲಾಗದೆ ಕೈ ಎತ್ತಲು ಬರುತ್ತದಾ ಎಂದು ಕೇಳಿದಳು. ಸುತ್ತ ಇದ್ದವರಿಗೆಲ್ಲ ಆ ಪ್ರಶ್ನೆ ಅರ್ಥವಾಯಿತು. ಅಜ್ಜಿ ಇಡೀ ಊರಿನ ಮುಂದೆ ಎರಡು ಕೈಗಳನ್ನೂ ತಲೆಯ ಮೇಲೆ ನೆಟ್ಟಗೆ ಎತ್ತಿ, ಅಕ್ಷತೆ ಹಾಕುವ ಹಾಗೆ ಒಂದು ಸಲ ಬೀಸಿದಳು. ಎಲ್ಲೂ ಪರ್ರೆನ್ನಲಿಲ್ಲ. ಇನ್ನೊಂದು ಸಲ ಬೀಸಿದಳು.

ಚಿಕ್ಕವ್ವ ನನ್ನ ಕಡೆ ತಿರುಗಿದಳು. "ನಂಗೂ ಅಂಗೇ ಟೇಪಿಕ್ಕಿ ಅಳೀತೀಯೇನೆ?" ಎಂದಳು.

ಅಳೆದೆ. ಆ ಸಂಜೆಯೇ, ಕದ ಮುಚ್ಚಿಕೊಂಡು, ಎರಡು ತೋಳನ್ನೂ ಬೇರೆಬೇರೆ ಅಳೆದೆ. ಮಾರನೆಯ ದಿನ ಅವಳ ಓರಗಿತ್ತಿ ಬಂದಳು, ಆಮೇಲೆ ಎದುರು ಮನೆಯವಳು, ಆಮೇಲೆ ಪಕ್ಕದ ಕೇರಿಯವರು. ಯಾರೂ ಬಿಟ್ಟು ತರಲಿಲ್ಲ, ಯುಗಾದಿಗೆಂದು ತಂದ ಒಳ್ಳೆಯ ಬಟ್ಟೆಯನ್ನೇ ತಂದರು. ಎರಡು ಕೈಗೆ ಎರಡು ಅಳತೆ ಹಿಡಿಯುವ ಹುಡುಗಿ ಎಂದು ತಮಾಷೆ ಮಾಡುತ್ತಲೇ ಸೆರಗು ಸರಿಸಿ ನಿಂತರು. ನನಗೆ ಗಂಡಸರನ್ನು ಮಕ್ಕಳೆಷ್ಟು ಎಂದು ಕೇಳುವ ಅಗತ್ಯವೇ ಬೀಳಲಿಲ್ಲ. ಅವ್ವ ಮೆಣಸಿನಕಾಯಿ ಮೊರವನ್ನು ಅಟ್ಟಕ್ಕೆ ಹಾಕಿದಳು. ಯುಗಾದಿಯ ಹಿಂದಿನ ಸಂತೆಗೆ ಹೋದ ಅಪ್ಪ ಎರಡು ಕುರಿ ತರಬೇಕಿತ್ತು. ಬರಿಗೈಯಲ್ಲಿ ಬಂದ. ಅಂಗಿ ಬಿಚ್ಚುವಾಗ ಜೇಬಿನಿಂದ ಮಿಷಿನ್ನಿಗೆ ಬಿಡುವ ಎಣ್ಣೆಯ ಸಣ್ಣ ಬಾಟಲಿ ತೆಗೆದು ಮೆಟ್ಟುಹಲಗೆಯ ಪಕ್ಕ ಇಟ್ಟು, ಕೈಕಾಲು ತೊಳೆಯಲು ಹೋದ. ನಂಗವಳ್ಳಿಯವರ ವಿಷಯ ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಬಾಗಿಲ ಪಕ್ಕದ ಕೋಲನ್ನು ಅಜ್ಜಿ ಊರಿಕೊಂಡು ನಡೆಯಲು ತೆಗೆದುಕೊಂಡಳು.

ಫೋಟೋ ದಿನದ ಒಂದು ಸಂಗತಿ ಹೇಳುವುದು ಉಳಿದಿದೆ. ಶಾಲೆಯಿಂದ ಮನೆಗೆ ಬಂದ ಕೂಡಲೇ ಅಜ್ಜಿ ಒಳಕೋಣೆಗೆ ಹೋಗಿ, ಹುಕ್ಕು ಬಿಚ್ಚು ಬಾ ಎಂದು ಕರೆದಳು. ಕುಣಿದಾಡುತ್ತ ಹೋಗಿ ಬಿಚ್ಚಿದೆ. ಜಾಕೆಟ್ಟು ಕಳಚಿದ ಮೇಲೆ ನೋಡಿದರೆ ಎರಡು ಕಂಕುಳಲ್ಲೂ ಹೊಲಿಗೆ ಕೊರೆದು ಕೆಂಪಗೆ ಬರೆ ಎದ್ದಿತ್ತು. ಬಲಗಡೆ ಚರ್ಮ ಕಿತ್ತು ರಕ್ತ ಒಸರಿತ್ತು. ಬೆಳಗಿನಿಂದ ಅದನ್ನೇ ತೊಟ್ಟು ಸಾಲಿನಲ್ಲಿ ನಿಂತಿದ್ದಳು, ಅದರ ಮೇಲೆಯೇ ಎರಡು ಸಲ ಕೈ ಬೀಸಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚುತ್ತ, ಯಾಕೆ ಹೇಳಲಿಲ್ಲ, ಈಗಲೇ ಬಿಚ್ಚಿ ಸರಿಮಾಡುತ್ತೇನೆ ಎಂದು ಜಾಕೆಟ್ಟಿಗೆ ಕೈ ಹಾಕಿದೆ. ಅಜ್ಜಿ ಅದನ್ನು ಕಿತ್ತುಕೊಂಡು ಮಡಚಿ ತನ್ನ ಪೆಟ್ಟಿಗೆಯೊಳಗೆ ಇಟ್ಟಳು.

"ಬಿಚ್ಬ್ಯಾಡ. ನಾನೇನು ದಿನಾ ಇಕ್ಕಂತೀನಾ? ನಾಳೆ ಬರೋರಿಗೆ ಕಂಕಳತಾವ ಒಸಿ ಸಡ್ಲ ಬುಡು," ಎಂದಳು.

ಆಮೇಲೆ ಅಜ್ಜಿ ಜಾಕೆಟ್ ತೊಡಲಿಲ್ಲ. ಮಾರನೆಯ ದಿನವೇ ಮೊದಲಿನ ಹಾಗೆ ಸೀರೆ ಬಿಗಿದು, ಕೋಲೂರಿಕೊಂಡು ಹೊಂಗೆಮರದ ಕೆಳಗೆ ಹೋಗಿ ಕೂತಳು. ನಾನು ಹೊಲಿಯಲು ಕೂತು ಈಗ ಮೂವತ್ತು ವರ್ಷ ಕಳೆಯಿತು. ಯಾರದೇ ಬಟ್ಟೆಯಿರಲಿ, ಕಂಕುಳಿನ ಹತ್ತಿರ ಅರ್ಧ ಬೆರಳು ಹೆಚ್ಚು ಬಿಟ್ಟೇ ಕತ್ತರಿ ಹಾಕುತ್ತೇನೆ.